ಮರಿಯಂಳ ಎರಡು ಸಹಿ

ಖಾಲೆದ್ ಹೊಸೇನಿಯ 'ಎ ಥೌಸಂಡ್ ಸ್ಪ್ಲೆಂಡಿಡ್ ಸನ್ಸ್' (2007) ಕಾದಂಬರಿಯನ್ನು ಅಫ್ಘಾನಿಸ್ತಾನದ ಯುದ್ಧದ ಕಥೆಯೆಂದು ಓದುವುದು ವಾಡಿಕೆ. ರಾಕೆಟ್ಟುಗಳ ಸುರಿಮಳೆ, ಮುಜಾಹಿದೀನರ ಕಾಳಗ, ತಾಲಿಬಾನಿನ ಫರ್ಮಾನುಗಳು ಎಲ್ಲವೂ ಇಲ್ಲಿವೆ. ಆದರೆ ನಾಯಕಿಯರಲ್ಲೊಬ್ಬಳಾದ ಮರಿಯಂಗೆ ಶಾಲೆ ತಪ್ಪಿದ್ದು ಯುದ್ಧದಿಂದಲ್ಲ. ದೇಶ ಶಾಂತವಾಗಿದ್ದ ಕಾಲದಲ್ಲಿ, ಹೇರಾತಿನ ಹೊರಗಿನ ಒಂದು ಗುಡಿಸಲಲ್ಲಿ, ಹೆತ್ತ ತಾಯಿಯೇ ಬೇಡವೆನ್ನುತ್ತಾಳೆ. ಶ್ರೀಮಂತ ಅಪ್ಪನ ಉಳಿದ ಮಕ್ಕಳು ಶಾಲೆಗೆ ಹೋಗುತ್ತಾರೆ. ಮದುವೆಯಾಚೆ ಹುಟ್ಟಿದ ಇವಳು ಕಲಿಯಬೇಕಾದದ್ದು ಸಹಿಸಿಕೊಳ್ಳುವುದೊಂದನ್ನೇ ಎಂಬುದು ಆ ತಾಯಿಯ ತೀರ್ಮಾನ. ಎಲ್ಲ ತಪ್ಪನ್ನೂ ಬಾಂಬಿನ ಮೇಲೆ ಹೊರಿಸದಿರುವುದು ಹೊಸೇನಿಯ ದೊಡ್ಡ ಪ್ರಾಮಾಣಿಕತೆ.

ಮುದಿ ಮುಲ್ಲಾ ಫೈಜುಲ್ಲಾ ಅವಳಿಗೆ ಕುರಾನಿನ ಜೊತೆ ಅಕ್ಷರವನ್ನೂ ಕಲಿಸುತ್ತಾನೆ. ಆ ಅಕ್ಷರ ಏನಾಯಿತು? ಹದಿನೈದರ ವಯಸ್ಸಿನಲ್ಲಿ, ಕಾಬೂಲಿನಲ್ಲಿ ಬೂಟು ಹೊಲಿಯುವ ನಡುವಯಸ್ಸಿನ ರಶೀದನೊಂದಿಗಿನ ನಿಕಾಹ್ ಪತ್ರಕ್ಕೆ ಸಹಿ ಹಾಕುತ್ತಾಳೆ. 27 ವರ್ಷಗಳ ಮೇಲೆ, ಅದೇ ಗಂಡನನ್ನು ಕೊಂದದ್ದಕ್ಕೆ ವಿಧಿಸಿದ ಮರಣದಂಡನೆಯ ಕಾಗದಕ್ಕೆ. ಎರಡೂ ಸಲ ಎದುರಿಗೊಬ್ಬ ಮುಲ್ಲಾ. ಅಕ್ಷರ ಬಂದರೆ ಸಾಕು, ಹೆಣ್ಣಿನ ಬಾಳು ಹಸನಾಗುತ್ತದೆ ಎಂಬ ನಂಬಿಕೆಯನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಪರೀಕ್ಷಿಸಿದ ಕಾದಂಬರಿ ನನ್ನ ಓದಿನಲ್ಲಿ ಬೇರೊಂದಿಲ್ಲ. ಹಾಗೆಂದು ಕಲಿತದ್ದು ವ್ಯರ್ಥವಾಗುವುದಿಲ್ಲ. ಸವತಿ ಲೈಲಾಳ ಮಗಳು ಅಜೀಜಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮರಿಯಂ ತಾನು ಕಲಿತ ಕುರಾನನ್ನು ಹೇಳಿಕೊಡುತ್ತಾಳೆ.

ಲೈಲಾ ಹುಟ್ಟಿದ ಮನೆಯ ಚಿತ್ರ ಇನ್ನೂ ಗಟ್ಟಿ. ಅವಳಪ್ಪ ಮೇಷ್ಟ್ರು, ಕಮ್ಯುನಿಸ್ಟರು ಅವನ ಕೆಲಸ ಕಿತ್ತುಕೊಂಡಿದ್ದಾರೆ. ಆದರೂ ಹೆಣ್ಣುಮಕ್ಕಳು ಓದಲು ಇದು ಒಳ್ಳೆಯ ಕಾಲವೆಂದು ಅವನೇ ಮಗಳಿಗೆ ಹೇಳುತ್ತಾನೆ. ಅವನ ಇಬ್ಬರು ಗಂಡುಮಕ್ಕಳು ಸೋವಿಯತ್ತರ ವಿರುದ್ಧ ಕಾದಾಡಿ ಸಾಯುತ್ತಾರೆ. ತಾಯಿ ಫರೀಬಾ ಹಾಸಿಗೆ ಹಿಡಿದು ಮುಜಾಹಿದೀನರ ಗೆಲುವಿಗೆ ಕಾಯುತ್ತಾಳೆ. ಗೆದ್ದು ಬಂದವರೇ ತಮ್ಮತಮ್ಮಲ್ಲಿ ಹೊಡೆದಾಡಿ ಕಾಬೂಲನ್ನು ನೆಲಸಮ ಮಾಡುತ್ತಾರೆ, ರಾಕೆಟ್ಟೊಂದು ಆ ಗಂಡಹೆಂಡಿರನ್ನೂ ಬಿಡುವುದಿಲ್ಲ. ಮಗಳಿಗೆ ಶಾಲೆ ಕೊಟ್ಟವರ ಕಡೆಯವರೇ ಮಗಂದಿರನ್ನು ಕೊಂದವರು. ಈ ತೊಡಕನ್ನು ಹೊಸೇನಿ ಇತ್ಯರ್ಥ ಮಾಡಲು ಹೋಗುವುದಿಲ್ಲ. ಹೊಸೇನಿಯ ತಾಯಿ ಕಾಬೂಲಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಫಾರ್ಸಿ ಕಲಿಸುತ್ತಿದ್ದರು. ಈ ಪುಟಗಳ ಜೀವಂತಿಕೆಗೆ ಅದೂ ಕಾರಣವಿರಬೇಕು.

ಹೊಸೇನಿ ಸೋತಿರುವುದು ರಶೀದನಲ್ಲಿ. ಮೊದಲ ಮಗನನ್ನು ನೀರಿಗೆ ಕಳೆದುಕೊಂಡ ಅವನ ಸಂಕಟ ಒಂದೆರಡು ಕಡೆ ಇಣುಕಿ ಮಾಯವಾಗುತ್ತದೆ, ಉಳಿಯುವುದು ಬರೀ ಕ್ರೌರ್ಯ. ಅವನು ರಾಕ್ಷಸನಾದಷ್ಟೂ ಪಕ್ಕದ ಮನೆಗಳ ಸಾಧಾರಣ ಗಂಡಂದಿರು ನಮ್ಮ ಕಣ್ಣು ತಪ್ಪಿಸಿಕೊಳ್ಳುತ್ತಾರೆ. ಮರಿಯಂಳ ಸಾವನ್ನು ತ್ಯಾಗವೆಂದು ಬೆಳಗಿಸಿರುವುದೂ ನನಗೆ ಕಸಿವಿಸಿ ತರುತ್ತದೆ. ಸಹಿಸಿಕೊಳ್ಳುವುದೇ ಹೆಣ್ಣಿನ ವಿದ್ಯೆ ಎಂದ ತಾಯಿಯ ಮಾತು ಅಲ್ಲಿ ಅರ್ಧ ಗೆದ್ದಂತಾಗುತ್ತದೆ.

ಕೊನೆಯ ಭಾಗ ಅವಸರದ್ದು. ಲೈಲಾ ಕಾಬೂಲಿಗೆ ಮರಳಿ, ಅಜೀಜಾ ಒಮ್ಮೆ ಇದ್ದ ಅನಾಥಾಲಯದಲ್ಲೇ ಟೀಚರಾಗುತ್ತಾಳೆ. ಕಾದಂಬರಿಯ ಹೊರಗೆ, 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಮತ್ತೆ ಬಂತು. ಆರನೇ ತರಗತಿಯ ಮೇಲೆ ಹುಡುಗಿಯರಿಗೆ ಶಾಲೆಯಿಲ್ಲ, 2022ರ ಡಿಸೆಂಬರ್‌ನಿಂದ ವಿಶ್ವವಿದ್ಯಾಲಯವೂ ಇಲ್ಲ. ಅದೇ ಅನಾಥಾಲಯದ ಮುಖ್ಯಸ್ಥ ಜಮಾನ್, ಮೊದಲ ತಾಲಿಬಾನ್ ಆಳ್ವಿಕೆಯಲ್ಲಿ, ಪರದೆ ಎಳೆದು ಹುಡುಗಿಯರಿಗೆ ಗುಟ್ಟಾಗಿ ಪಾಠ ಹೇಳುವ ಸನ್ನಿವೇಶಕ್ಕೆ ಕಾದಂಬರಿ ಕೊಟ್ಟದ್ದು ತೀರಾ ಕಡಿಮೆ ಜಾಗ. ಇಂದು ಓದುವಾಗ ಆ ಕೆಲವೇ ಸಾಲುಗಳು ಕೊನೆಯ ಅಧ್ಯಾಯದ ಭರವಸೆಗಿಂತ ಹೆಚ್ಚು ತೂಗುತ್ತವೆ.