ಪ್ರಶ್ನೆಯಿಲ್ಲದ ಪ್ರಸ್ತಾವ: ಸಿಂಧನೂರು, ಲಿಂಗಸುಗೂರು, ಮಸ್ಕಿ ಪರಿಸರದ ಜಾನಪದ ಸಂಶೋಧನೆ ಮತ್ತು ಪರಿಕಲ್ಪನಾ ಪತ್ರ

ಜಾನಪದ ಸಂಶೋಧನೆಯ ಗುಣಮಟ್ಟವನ್ನು ಕುರಿತ ನಮ್ಮ ಚರ್ಚೆಗಳು ಸಾಮಾನ್ಯವಾಗಿ ಮುಗಿದ ಮಹಾಪ್ರಬಂಧಗಳ ಸುತ್ತಲೇ ನಡೆಯುತ್ತವೆ. ಆ ಪ್ರಬಂಧ ಹುಟ್ಟುವುದಕ್ಕೆ ಮೊದಲು ಬರೆಯಲಾಗುವ ನಾಲ್ಕೈದು ಪುಟಗಳ ಪರಿಕಲ್ಪನಾ ಪತ್ರವನ್ನು ವಿಮರ್ಶೆಗೆ ಒಳಪಡಿಸುವವರು ವಿರಳ. ಅದು ಕಡತ ಸೇರಿ ಮರೆಯಾಗುವ ಕಾಗದವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಪಿಎಚ್.ಡಿ. ಪದವಿಯ ಸಾರಲೇಖವಿರಲಿ, ಧನಸಹಾಯ ಕೋರುವ ಯೋಜನಾ ಪ್ರಸ್ತಾವವಿರಲಿ, ಸಂಶೋಧನೆಯ ಅಳವು ಬಹುಮಟ್ಟಿಗೆ ನಿರ್ಧಾರವಾಗುವುದು ಆ ಪುಟಗಳಲ್ಲಿಯೇ. ಪ್ರಸ್ತುತ ಲೇಖನದಲ್ಲಿ ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಹಾಗೂ ಮಸ್ಕಿ ಪರಿಸರವನ್ನು ಮುಂದಿಟ್ಟುಕೊಂಡು ಇಂಥ ಪತ್ರಗಳ ಸ್ವರೂಪವನ್ನು ಪರಿಶೀಲಿಸಲು ಯತ್ನಿಸಲಾಗಿದೆ.

ನಮ್ಮಲ್ಲಿ ಬಳಕೆಯಲ್ಲಿರುವ ಮಾದರಿ ಎಲ್ಲರಿಗೂ ಪರಿಚಿತವಾದುದೇ. ಶೀರ್ಷಿಕೆ ‘ಇಂಥ ತಾಲ್ಲೂಕಿನ ಜನಪದ ಸಾಹಿತ್ಯ: ಒಂದು ಅಧ್ಯಯನ’. ಮೊದಲ ಅಧ್ಯಾಯ ತಾಲ್ಲೂಕಿನ ಪರಿಚಯ, ನಂತರ ಗೀತೆ, ಕಥೆ, ಗಾದೆ, ಒಗಟು, ಆಚರಣೆ, ಕಲೆ, ಕೊನೆಗೆ ಸಮಾರೋಪ. ಉದ್ದೇಶದ ಜಾಗದಲ್ಲಿ ‘ನಶಿಸುತ್ತಿರುವ ಜಾನಪದವನ್ನು ಸಂರಕ್ಷಿಸುವುದು’ ಎಂಬ ವಾಕ್ಯ. ತಾಲ್ಲೂಕಿನ ಹೆಸರನ್ನು ಬದಲಿಸಿದರೆ ಅದೇ ಪತ್ರ ಮತ್ತೊಂದು ತಾಲ್ಲೂಕಿಗೂ ಹೊಂದುತ್ತದೆ. ಈ ಮಾತನ್ನು ಪರರ ಮೇಲಿನ ಆಕ್ಷೇಪವಾಗಿ ಹೇಳುತ್ತಿಲ್ಲ. ನನ್ನ ಮೊದಲ ಸಾರಲೇಖವೂ ಇದೇ ಬಗೆಯದಾಗಿತ್ತು. ‘ಇದರಿಂದ ನೀವು ತಿಳಿಯಬಯಸುವುದೇನು?’ ಎಂದು ಹಿರಿಯ ವಿದ್ವಾಂಸರೊಬ್ಬರು ಕೇಳಿದಾಗ ಸಂರಕ್ಷಣೆಯ ಮಾತನ್ನೇ ಒಪ್ಪಿಸಿದೆ. ಪ್ರಸ್ತಾವಕ್ಕೆ ಅನುಮತಿಯೂ ದೊರೆಯಿತು. ಎರಡು ವರ್ಷಗಳ ಕ್ಷೇತ್ರಕಾರ್ಯದ ನಂತರ ನನ್ನಲ್ಲಿ ಪೆಟ್ಟಿಗೆ ತುಂಬ ಧ್ವನಿಸುರುಳಿಗಳಿದ್ದವು. ಅವುಗಳಲ್ಲಿ ಯಾವುದು ಮುಖ್ಯ, ಯಾವುದು ಅಲ್ಲ ಎಂದು ನಿರ್ಣಯಿಸುವ ಅಳತೆಗೋಲು ಇರಲಿಲ್ಲ.

ಸಮೀಕ್ಷೆಗೂ ಒಂದು ಕಾಲವಿತ್ತೆಂಬುದನ್ನು ಒಪ್ಪಬೇಕು. ಬಿ. ಎಸ್. ಗದ್ದಗಿಮಠ, ಜೀ. ಶಂ. ಪರಮಶಿವಯ್ಯ ಮೊದಲಾದವರು ಕೆಲಸ ಆರಂಭಿಸಿದಾಗ ಏನಿದೆ ಎಂಬುದೇ ದೊಡ್ಡ ಪ್ರಶ್ನೆಯಾಗಿತ್ತು. ಸಂಗ್ರಹವೇ ಅದಕ್ಕೆ ಉತ್ತರವಾಗಿತ್ತು. ಕರ್ನಾಟಕ ಜಾನಪದ ಅಕಾಡೆಮಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, 2011ರಲ್ಲಿ ಸ್ಥಾಪನೆಗೊಂಡ ಜಾನಪದ ವಿಶ್ವವಿದ್ಯಾಲಯಗಳ ಪ್ರಕಟಣೆಗಳು ಕಣ್ಣೆದುರಿಗಿರುವ ಇಂದು ಅದೇ ಉತ್ತರವನ್ನು ಮರಳಿ ಬರೆಯುವುದು ಸಂಶೋಧನೆಯಾಗಲಾರದು.

ತಾಲ್ಲೂಕನ್ನು ಅಧ್ಯಯನದ ಘಟಕವಾಗಿ ಸ್ವೀಕರಿಸುವುದರಲ್ಲಿಯೂ ತೊಡಕಿದೆ. ಲಿಂಗಸುಗೂರು ನಿಜಾಮರ ಆಡಳಿತದಲ್ಲಿ ಒಂದು ಜಿಲ್ಲೆಯ ಹೆಸರಾಗಿತ್ತು. 1905ರ ಪುನರ್ವಿಂಗಡಣೆಯಲ್ಲಿ ಆ ಜಿಲ್ಲೆ ರದ್ದಾಯಿತು. ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದ ಮಸ್ಕಿ, 2017ರ ರಾಜ್ಯ ಮುಂಗಡಪತ್ರದಲ್ಲಿ ಘೋಷಿಸಲಾದ 49 ಹೊಸ ತಾಲ್ಲೂಕುಗಳಲ್ಲಿ ಒಂದಾಯಿತು. ಹಾಗಾದರೆ ಅದಕ್ಕೆ ಮೊದಲು ಸಂಗ್ರಹಿಸಿದ ‘ಲಿಂಗಸುಗೂರು ತಾಲ್ಲೂಕಿನ ಹಾಡು’ ಈಗ ಯಾವ ತಾಲ್ಲೂಕಿನದು? ಹಾಡಿದವರಿಗೆ ಈ ಪ್ರಶ್ನೆಯೇ ಇಲ್ಲ. ಕಂದಾಯ ಇಲಾಖೆಯ ಗಡಿ ಹಾಡಿನ ಗಡಿಯಲ್ಲ. ಅಧ್ಯಯನದ ವ್ಯಾಪ್ತಿಯನ್ನು ಸಂಶೋಧಕನ ಪ್ರಶ್ನೆಯೇ ಗೊತ್ತುಪಡಿಸಬೇಕು.

ಪ್ರಶ್ನೆ ಸಿದ್ಧವಾಗಿದ್ದರೆ ಆಕರ ಹೇಗೆ ಮಾತನಾಡುತ್ತದೆ ಎಂಬುದಕ್ಕೆ ಮಸ್ಕಿಯೇ ಸಾಕ್ಷಿ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಶಾಸನಗಳನ್ನು ಓದಿದಂದಿನಿಂದ ‘ದೇವಾನಾಂಪ್ರಿಯ ಪ್ರಿಯದರ್ಶಿ’ ಯಾರು ಎಂಬ ಪ್ರಶ್ನೆ ವಿದ್ವಾಂಸರ ಮುಂದಿತ್ತು. ಸಿಂಹಳದ ಪಾಳಿ ಗ್ರಂಥಗಳ ಆಧಾರದಿಂದ ಆತ ಅಶೋಕನೆಂದು ಜಾರ್ಜ್ ಟರ್ನರ್ ಸೂಚಿಸಿದ್ದರೂ ಶಾಸನದ ನೇರ ಪುರಾವೆ ಇರಲಿಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಬಂಡೆಯ ಶಾಸನವನ್ನು ಗುರುತಿಸಿದರು, ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿ ಪ್ರಕಟಿಸಿದರು. ಅದರಲ್ಲಿ ಅಶೋಕನ ಹೆಸರಿತ್ತು. ಎಂಟು ದಶಕಗಳ ಪ್ರಶ್ನೆ ಕಾದಿದ್ದುದರಿಂದಲೇ ಆ ಒಂದು ಹೆಸರಿಗೆ ಅಷ್ಟು ಬೆಲೆ ಬಂದಿತು.

ಜಾನಪದಕ್ಕೆ ಇನ್ನೂ ಹತ್ತಿರದ ನಿದರ್ಶನ ಬೂದಿದಿಬ್ಬಗಳದು. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ 1952ರಲ್ಲಿ ಉತ್ಖನನ ನಡೆಸಿದ ಎಫ್. ಆರ್. ಆಲ್ಚಿನ್, ದಖನ್ನಿನ ನವಶಿಲಾಯುಗದ ಬೂದಿರಾಶಿಗಳು ಹೇಗೆ ಉಂಟಾದವು ಎಂಬ ಪ್ರಶ್ನೆಯನ್ನು ಮುಂದುವರಿಸಿದರು. ಹಂಪಿ ಬಳಿಯ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಚಿತೆಯ ಬೂದಿಯೆನ್ನುತ್ತಾರೆ. ಅದು ದನದ ಸಗಣಿ ಸುಟ್ಟ ಬೂದಿ ಎಂಬುದು ಅಷ್ಟರಲ್ಲಿ ತಿಳಿದಿತ್ತು. ಸುಟ್ಟದ್ದು ಏಕೆ? ಹಬ್ಬಗಳಲ್ಲಿ ದನಗಳನ್ನು ಬೆಂಕಿ ಹಾಯಿಸುವ ಜೀವಂತ ಆಚರಣೆಗಳನ್ನು ಹೋಲಿಕೆಗಿಟ್ಟು, ದೊಡ್ಡಿಗಳ ಸಗಣಿಯನ್ನು ಕಾಲಕಾಲಕ್ಕೆ ವಿಧಿಪೂರ್ವಕವಾಗಿ ಸುಡುತ್ತಿದ್ದಿರಬೇಕೆಂಬ ಪ್ರಾಕ್ಕಲ್ಪನೆಯನ್ನು ಅವರು 1963ರ ತಮ್ಮ ಗ್ರಂಥದಲ್ಲಿ ಮಂಡಿಸಿದರು. ಮುಂದೆ ಕೆ. ಪದ್ದಯ್ಯ ಅವರು ಸುರಪುರ ಸೀಮೆಯ ಬೂದಿಹಾಳದಲ್ಲಿ ನಡೆಸಿದ ಉತ್ಖನನ, ದಿಬ್ಬದ ಜೊತೆಗೇ ಜನವಸತಿಯಿದ್ದುದನ್ನು ತೋರಿಸಿ ಆ ಚಿತ್ರವನ್ನು ತಿದ್ದಿತು. ಆಲ್ಚಿನ್ ಖಚಿತವಾಗಿ ಒಂದು ಮಾತನ್ನು ಹೇಳಿದ್ದರಿಂದಲೇ ಅದನ್ನು ತಿದ್ದಲು ಸಾಧ್ಯವಾಯಿತೆಂಬುದು ಗಮನಾರ್ಹ. ನಮ್ಮ ತಾಲ್ಲೂಕು ಸಮೀಕ್ಷೆಗಳನ್ನು ಯಾರೂ ತಿದ್ದಿಲ್ಲ. ತಿದ್ದಲು ಅಲ್ಲಿ ಪ್ರತಿಪಾದನೆಯೇ ಇಲ್ಲ.

ಹಾಗಾದರೆ ಈ ಪರಿಸರದಿಂದ ಎಂಥ ಪ್ರಶ್ನೆ ಮೂಡಬಹುದು? ಒಂದು ಉದಾಹರಣೆ ಕೊಡಬಹುದು. ಮಳೆ ಹೋದಾಗ ಗುರ್ಜಿ ಹೊತ್ತು ಮನೆಮನೆ ತಿರುಗುವ ಆಚರಣೆ ಉತ್ತರ ಕರ್ನಾಟಕದಲ್ಲಿ ಪ್ರಸಿದ್ಧ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು ಭತ್ತದ ಸೀಮೆಯಾಯಿತು. ಅಲ್ಲಿ ನೀರಿನ ದಾರಿ ಮುಗಿಲನ್ನಷ್ಟೇ ಅವಲಂಬಿಸಿಲ್ಲ. ನೀರು ಯಾವ ದಿನದಿಂದ, ಎಷ್ಟು ದಿನ ಎಂಬುದನ್ನು ನೀರಾವರಿ ಸಲಹಾ ಸಮಿತಿ ತೀರ್ಮಾನಿಸುತ್ತದೆ. ಲಿಂಗಸುಗೂರಿನ ಕೆಲವು ಹಳ್ಳಿಗಳಿಗೆ ನಾರಾಯಣಪುರ ಬಲದಂಡೆ ಕಾಲುವೆ ಬಂದದ್ದು ಬಹಳ ತಡವಾಗಿ. ಮಸ್ಕಿ ಸೀಮೆಯ ಒಣಭೂಮಿಯ ರೈತರು 2020ರಲ್ಲಿ 5ಎ ಕಾಲುವೆಗಾಗಿ ಪಾಮನಕಲ್ಲೂರಿನಲ್ಲಿ ಧರಣಿ ಕುಳಿತರು. ಮಳೆಯನ್ನು ಬೇಡುವ ಆಚರಣೆ ಈ ಮೂರು ಬಗೆಯ ಹಳ್ಳಿಗಳಲ್ಲಿ ಏನಾಗಿದೆ? ಕಾಲುವೆ ಬಂದಲ್ಲಿ ಅದು ನಿಂತಿದೆ ಎಂಬುದು ಸುಲಭವಾದ ಊಹೆ. ಆದರೆ ಕಾಲುವೆಯ ಕೊನೆಯಂಚಿನ ಹಳ್ಳಿಗೂ ನೀರು ಅನಿಶ್ಚಿತವೇ. ಆಚರಣೆಯನ್ನು ಉಳಿಸುವುದು ಮಳೆಯ ಕೊರತೆಯೋ, ನೀರಿನ ಅನಿಶ್ಚಿತತೆಯೋ ಎಂಬುದನ್ನು ಮೇಲಂಚಿನ, ಕೊನೆಯಂಚಿನ ಹಾಗೂ ಕಾಲುವೆಯಿಲ್ಲದ ಹಳ್ಳಿಗಳನ್ನು ಹೋಲಿಸಿ ಪರೀಕ್ಷಿಸಬಹುದು. ಊಹೆ ತಪ್ಪಾದರೂ ತಿಳಿವಳಿಕೆ ಹೆಚ್ಚುತ್ತದೆ.

ಇಂಥ ಪ್ರಶ್ನೆ ದೊರೆತರೆ ಪತ್ರದ ಉಳಿದ ಅಂಗಗಳು ತಾವಾಗಿ ಜೋಡಣೆಗೊಳ್ಳುತ್ತವೆ. ಪೂರ್ವಾಧ್ಯಯನಗಳ ಸಮೀಕ್ಷೆಯೆಂದರೆ ಗ್ರಂಥಗಳ ಹೆಸರುಗಳ ಪಟ್ಟಿಯಲ್ಲ. ಈ ಪ್ರಶ್ನೆಗೆ ಯಾರು ಎಲ್ಲಿಯವರೆಗೆ ಉತ್ತರಿಸಿದ್ದಾರೆ ಎಂಬುದರ ವಿವರ. ವಿಧಾನವೆಂದರೆ ‘ಸಂದರ್ಶನ, ಅವಲೋಕನ’ ಎಂಬೆರಡು ಪದಗಳಲ್ಲ. ಯಾವ ಹಳ್ಳಿ, ಯಾವ ತಿಂಗಳು, ಯಾವ ವಕ್ತೃಗಳು ಎಂಬ ನಿರ್ದಿಷ್ಟತೆ. ಗುರ್ಜಿಯನ್ನು ಸುಗ್ಗಿಯ ಕಾಲದಲ್ಲಿ ಹುಡುಕಲಾಗದು. ಸಿಂಧನೂರನ್ನು ಆಯ್ದುಕೊಂಡವರು ಆಂಧ್ರದಿಂದ ಬಂದ ರೈತರ ಕ್ಯಾಂಪುಗಳನ್ನೂ ಪೂರ್ವ ಬಂಗಾಳದ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳನ್ನೂ ಒಳಗೊಳ್ಳುವರೋ ಬಿಡುವರೋ ಎಂಬುದನ್ನು ಕಾರಣಸಹಿತ ಹೇಳಬೇಕು. ‘ಇಲ್ಲಿಯ ಜನಪದರು’ ಎಂಬ ಮಾತಿನಲ್ಲಿ ಅವರು ಸದ್ದಿಲ್ಲದೆ ಕಾಣೆಯಾಗುವುದು ನ್ಯಾಯವಲ್ಲ.

ಆಯವ್ಯಯದ ಪುಟವೂ ಪ್ರಶ್ನೆಯಿಂದ ಹೊರಗಿನದಲ್ಲ. ಪ್ರಯಾಣ, ಉಪಕರಣ, ಬೆರಳಚ್ಚುಗಳಿಗೆ ಅಲ್ಲಿ ಸಾಲುಗಳಿರುತ್ತವೆ. ಕೂಲಿ ಬಿಟ್ಟು ಅರ್ಧ ದಿನ ಹಾಡಿದ ಹೆಣ್ಣುಮಗಳಿಗೆ, ಅವಳ ಧ್ವನಿಮುದ್ರಣದ ಪ್ರತಿಯನ್ನು ಊರಿಗೆ ಮರಳಿಸುವುದಕ್ಕೆ ಒಂದು ಸಾಲನ್ನು ನಾನು ಕಂಡದ್ದು ಅಪರೂಪ. ನನ್ನ ಮೊದಲ ಪ್ರಸ್ತಾವದಲ್ಲಿಯೂ ಅದು ಇರಲಿಲ್ಲ. ಕೆಲವು ವರ್ಷಗಳ ನಂತರ ಅದೇ ಊರಿಗೆ ಹೋದಾಗ, ಅಂದು ಹಾಡಿದ್ದ ವೃದ್ಧೆ ತೀರಿಕೊಂಡಿದ್ದರು. ಮಗಳು ಕೇಳಿದ್ದು ಒಂದೇ ಮಾತು: ‘ಅವ್ವನ ದನಿ ನಿಮ್ಮತ್ರ ಐತೇನ್ರಿ?’ ಸುರುಳಿ ನನ್ನ ಪೆಟ್ಟಿಗೆಯಲ್ಲಿಯೇ ಇತ್ತು. ಹಾಡುಗಳನ್ನು ಬರೆದುಕೊಂಡ ಮೇಲೆ ಅದರ ಮೇಲೆಯೇ ಬೇರೊಂದು ಊರಿನ ಹಾಡುಗಳನ್ನು ಮುದ್ರಿಸಿಕೊಂಡಿದ್ದೆ. ಹಾಡಿನ ಪಠ್ಯ ಪ್ರಬಂಧದ ಅನುಬಂಧದಲ್ಲಿ ಇಂದಿಗೂ ಇದೆ. ಮಗಳು ಕೇಳಿದ್ದು ಅದನ್ನಲ್ಲ.

2009ರ ಯುಜಿಸಿ ನಿಯಮಾವಳಿಯ ನಂತರ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಕೋರ್ಸ್‌ವರ್ಕ್ ಕಡ್ಡಾಯವಾಗಿದೆ. ಆ ಅವಧಿಯಲ್ಲಿ ಸಾರಲೇಖದ ನಮೂನೆಯನ್ನು ತುಂಬಿಸುವುದಕ್ಕಿಂತ, ಮಾರ್ಗದರ್ಶಕರೊಡನೆ ಹದಿನೈದು ದಿನ ಹಳ್ಳಿಯಲ್ಲಿದ್ದು ಬಂದು ಒಂದು ಪ್ರಶ್ನೆಯನ್ನು ಬರೆಯುವ ಅಭ್ಯಾಸ ಹೆಚ್ಚು ಫಲಕಾರಿಯಾದೀತು. ಪ್ರಸ್ತಾವಗಳನ್ನು ಪರಿಶೀಲಿಸುವ ಸಮಿತಿಗಳೂ ಎರಡು ಸಂಗತಿಗಳನ್ನು ಮೊದಲು ಕೇಳಬೇಕು: ಈ ಅಧ್ಯಯನ ಮುಗಿದಾಗ ಇಂದು ತಿಳಿಯದ ಯಾವ ಮಾತು ತಿಳಿದಿರುತ್ತದೆ, ಮತ್ತು ಹಾಡಿದವರ ಮನೆಗೆ ಏನು ಮರಳುತ್ತದೆ? ಇವೆರಡಕ್ಕೂ ಉತ್ತರವಿಲ್ಲದ ಪತ್ರವನ್ನು ವಿನಯದಿಂದ ಹಿಂದಿರುಗಿಸುವುದೇ ವಿದ್ಯಾರ್ಥಿಗೆ ಮಾಡುವ ಉಪಕಾರ. ಅಂಥ ಉಪಕಾರ ನನಗೆ ಸಕಾಲದಲ್ಲಿ ದೊರೆತಿದ್ದರೆ ಆ ದನಿ ಉಳಿಯುತ್ತಿತ್ತು.