ಹಳೆಯ ಮನೆಗೆ ಮರಳಿದ ಧಾರಾವಾಹಿಗಳು

2014ರ ಜೂನ್‌ನಲ್ಲಿ ಡಿಸ್ನಿ ಚಾನೆಲ್ ‘ಗರ್ಲ್ ಮೀಟ್ಸ್ ವರ್ಲ್ಡ್’ ಶುರು ಮಾಡಿದಾಗ ಅಮೆರಿಕದಲ್ಲಿ ಅದಕ್ಕಾಗಿ ಕಾದು ಕೂತವರು ಎರಡು ಬಗೆಯವರು. ಒಂದು, ಚಾನೆಲ್ಲಿನ ಕಾಯಂ ನೋಡುಗರಾದ ಮಕ್ಕಳು. ಇನ್ನೊಂದು, ಅದೇ ವಯಸ್ಸಿನಲ್ಲಿ ‘ಬಾಯ್ ಮೀಟ್ಸ್ ವರ್ಲ್ಡ್’ ನೋಡಿ ಬೆಳೆದು, ಈಗ ಮೂವತ್ತರ ಆಸುಪಾಸಿಗೆ ಬಂದವರು. 1993ರಿಂದ 2000ದವರೆಗೆ ಎಬಿಸಿಯಲ್ಲಿ ಶುಕ್ರವಾರ ರಾತ್ರಿ ಬರುತ್ತಿದ್ದ ಆ ಸಿಟ್‌ಕಾಮ್‌ನ ಕೋರಿ, ಶಾನ್, ಟೊಪಾಂಗಾ ನೋಡುಗರ ಜೊತೆಜೊತೆಗೇ ದೊಡ್ಡವರಾಗಿದ್ದರು. ಶಾಲೆ ಮುಗಿಯಿತು, ಕಾಲೇಜು ಬಂತು, ಕೋರಿ–ಟೊಪಾಂಗಾ ಮದುವೆಯೂ ಆಯಿತು.

ಉತ್ತರಭಾಗದಲ್ಲಿ ಕೋರಿ ನ್ಯೂಯಾರ್ಕಿನಲ್ಲಿ ಇತಿಹಾಸದ ಮೇಷ್ಟ್ರು, ಮಗಳು ರೈಲಿ ಅವನ ತರಗತಿಯಲ್ಲೇ ವಿದ್ಯಾರ್ಥಿನಿ. ತೊಡಕು ಹುಟ್ಟುವುದೇ ಇಲ್ಲಿ. ಆ ದಿನ ರೈಲಿಗೆ ಎದುರಾಗುವ ಸಮಸ್ಯೆಗೂ ಅಪ್ಪ ಬೋರ್ಡಿನ ಮೇಲೆ ಬರೆಯುವ ಪಾಠಕ್ಕೂ ಮತ್ತೆ ಮತ್ತೆ ತಾಳೆಯಾಗುತ್ತದೆ. ಹೀಗಾಗಿ ಕೋರಿ ನೀತಿ ಹೇಳುವ ಕೆಲಸಕ್ಕೆ ಉಳಿದುಕೊಂಡ. ಮದುವೆ, ನೌಕರಿ, ವಯಸ್ಸು ತಂದ ಅಳುಕುಗಳಿರುವ ಗಂಡಸಾಗಿ ಅವನು ಕಂಡದ್ದು ಅಪರೂಪ.

ಶಾನ್ ಬಂದಾಗ ಮಾತ್ರ ಕತೆಗೆ ಜೀವ ಬರುತ್ತದೆ. ಹೆತ್ತವರ ಆಸರೆ ಸರಿಯಾಗಿ ಸಿಗದೆ ಬೆಳೆದ ಹುಡುಗ ಅವನು. ರೈಲಿಯ ಗೆಳತಿ ಮಾಯಾಳ ಅಪ್ಪನೂ ಮನೆ ಬಿಟ್ಟು ಹೋಗಿದ್ದಾನೆ. ಅವಳ ಸಿಟ್ಟು ಶಾನ್‌ಗೆ ಯಾರೂ ವಿವರಿಸದೆಯೇ ಅರ್ಥವಾಗುತ್ತದೆ. ಮುಂದೆ ಅವನು ಮದುವೆಯಾಗುವುದು ಅವಳ ತಾಯಿಯನ್ನೇ. ಹಳೆಯ ನೋಡುಗರಿಗೆ ಗೊತ್ತಿದ್ದ ನೋವೊಂದು ಇಲ್ಲಿ ಹೊಸ ಹುಡುಗಿಯ ಬದುಕಿಗೆ ಉಪಯೋಗಕ್ಕೆ ಬಂತು. ಇಡೀ ಧಾರಾವಾಹಿಯನ್ನು ಇದೇ ಜಾಡಿನಲ್ಲಿ ಬರೆಯಬಹುದಿತ್ತು. ಮೂರು ಸೀಸನ್ ಕಂಡು 2017ರ ಜನವರಿಯಲ್ಲಿ ಅದು ನಿಂತಿತು.

ನೆಟ್‌ಫ್ಲಿಕ್ಸ್‌ನ ‘ಫುಲ್ಲರ್ ಹೌಸ್’ (2016–2020) ಇಷ್ಟು ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. ‘ಫುಲ್ ಹೌಸ್’ನಲ್ಲಿ ಹೆಂಡತಿ ತೀರಿಕೊಂಡ ಅಪ್ಪ, ಮೂವರು ಹೆಣ್ಣುಮಕ್ಕಳು, ಇಲ್ಲಿ ಗಂಡ ತೀರಿಕೊಂಡ ಮಗಳು, ಮೂವರು ಗಂಡುಮಕ್ಕಳು. ಸ್ಯಾನ್ ಫ್ರಾನ್ಸಿಸ್ಕೋದ ಮನೆಯೂ ಅದೇ. ಮೊದಲ ಕಂತಿನಲ್ಲಿ ಕಿರಿಯ ತಂಗಿ ಮಿಶೆಲ್ ಯಾಕೆ ಬಂದಿಲ್ಲ ಎಂಬ ಮಾತು ಏಳುತ್ತದೆ. ಅವಳು ನ್ಯೂಯಾರ್ಕಿನಲ್ಲಿ ಫ್ಯಾಷನ್ ವ್ಯವಹಾರದಲ್ಲಿ ಮುಳುಗಿದ್ದಾಳೆಂದು ಹೇಳಿ ಎಲ್ಲರೂ ಒಟ್ಟಿಗೆ ಕ್ಯಾಮೆರಾದತ್ತ ತಿರುಗಿ ಸುಮ್ಮನೆ ನಿಲ್ಲುತ್ತಾರೆ. ಆ ಪಾತ್ರ ಮಾಡಿದ್ದ ಓಲ್ಸನ್ ಅವಳಿಗಳು ಮರಳಲಿಲ್ಲ ಎಂಬುದು ಗೊತ್ತಿದ್ದವರಿಗಷ್ಟೇ ಈ ನಗೆ. ಆ ಗಳಿಗೆಯಲ್ಲಿ ಕತೆ ನಿಂತುಹೋಗಿ ಬರೀ ಪುನರ್ಮಿಲನ ಸಮಾರಂಭ ಉಳಿಯುತ್ತದೆ.

2023ರ ‘ಫ್ರೇಸಿಯರ್’ ಇದಕ್ಕಿಂತ ಗಂಭೀರ ಪ್ರಯತ್ನ. ಹಳೆಯದರಲ್ಲಿ ನಿವೃತ್ತ ಪೊಲೀಸ್ ಅಪ್ಪನಿಗೆ ಓದಿನ ಜಂಬದ ಮಗ ಫ್ರೇಸಿಯರ್ ಬಿಸಿತುಪ್ಪವಾಗಿದ್ದ. ಹೊಸದರಲ್ಲಿ ಅದೇ ಮಗ ಅಪ್ಪನಾಗಿ, ಹಾರ್ವರ್ಡ್ ಬಿಟ್ಟು ಅಗ್ನಿಶಾಮಕ ದಳ ಸೇರಿದ ಮಗನ ಬಾಗಿಲು ತಟ್ಟುತ್ತಾನೆ. ಎಣಿಕೆ ಸರಿಯಾಗಿಯೇ ಇತ್ತು. ಆದರೆ ಫ್ರೇಸಿಯರ್‌ನ ತಮ್ಮ ನೈಲ್ಸ್‌ನ ಪಾತ್ರಧಾರಿ ಡೇವಿಡ್ ಹೈಡ್ ಪಿಯರ್ಸ್ ಬರಲಿಲ್ಲ, ಅಪ್ಪನಾಗಿದ್ದ ಜಾನ್ ಮಹೋನಿ 2018ರಲ್ಲೇ ತೀರಿಕೊಂಡಿದ್ದರು. ಅಣ್ಣತಮ್ಮಂದಿರ ಜುಗಲ್‌ಬಂದಿಗೆ ಬದಲಿ ಸಿಗಲಿಲ್ಲ. ಎರಡೇ ಸೀಸನ್‌ಗೆ ಮುಗಿಯಿತು.

ಈ ಪರಂಪರೆಯಲ್ಲಿ ನಿಜವಾಗಿ ಗೆದ್ದದ್ದನ್ನು ನೋಡಲು ಬ್ರಿಟನ್ನಿಗೆ, ಅದೂ ಅರ್ಧ ಶತಮಾನ ಹಿಂದಕ್ಕೆ ಹೋಗಬೇಕು. ಡಿಕ್ ಕ್ಲೆಮೆಂಟ್ ಮತ್ತು ಇಯಾನ್ ಲಾ ಫ್ರೆನೆ ಬರೆದ ‘ದ ಲೈಕ್ಲಿ ಲ್ಯಾಡ್ಸ್’ (1964–66) ಇಂಗ್ಲೆಂಡಿನ ಈಶಾನ್ಯ ಭಾಗದ ಇಬ್ಬರು ಕಾರ್ಖಾನೆ ಹುಡುಗರಾದ ಬಾಬ್ ಮತ್ತು ಟೆರಿಯ ಕತೆ. 1973ರಲ್ಲಿ ಬಂದ ಉತ್ತರಭಾಗದ ಶೀರ್ಷಿಕೆಯೇ, ಆ ಹುಡುಗರು ಏನಾದರು ಎಂದು ಕೇಳಿತು. ಟೆರಿ ಸೈನ್ಯದಿಂದ ಮರಳುತ್ತಾನೆ. ಬಾಬ್‌ಗೆ ಆಫೀಸಿನ ಕೆಲಸ, ಹೊಸ ಬಡಾವಣೆಯಲ್ಲಿ ಮನೆ, ಥೆಲ್ಮಾ ಜೊತೆ ಮದುವೆ ನಿಶ್ಚಯ. ಇಬ್ಬರೂ ಹಳೆಯ ಅಡ್ಡೆಗಳನ್ನು ಹುಡುಕಿ ಹೋದರೆ ಅವೆಲ್ಲ ನೆಲಸಮ. ಬಾಬ್‌ನ ಏಳಿಗೆ ಟೆರಿಗೆ ದ್ರೋಹದಂತೆ ಕಾಣುತ್ತದೆ. ಟೆರಿಯ ಉಡಾಫೆ ಬಾಬ್‌ಗೆ ಒಮ್ಮೆ ಆಸೆ, ಒಮ್ಮೆ ಭಯ. ಫುಟ್‌ಬಾಲ್ ಪಂದ್ಯದ ಫಲಿತಾಂಶ ಕಿವಿಗೆ ಬೀಳದಂತೆ ಇಬ್ಬರೂ ದಿನವಿಡೀ ಊರಲ್ಲಿ ಅವಿತುಕೊಂಡು ಓಡಾಡುವ ಕಂತಿನಲ್ಲಿ ನಗು ಉಕ್ಕುವುದೇ, ಅವರು ಆ ಆಟದ ವಯಸ್ಸು ದಾಟಿರುವುದರಿಂದ.

ಇಲ್ಲಿ ಕಳೆದುಹೋದ ವರ್ಷಗಳೇ ಕಥಾವಸ್ತು. ನಡುವಿನ ಏಳು ವರ್ಷಗಳಲ್ಲಿ ನೋಡುಗರೂ ಮನೆ ಬದಲಿಸಿದ್ದರು, ಮದುವೆಯಾಗಿದ್ದರು, ಗೆಳೆಯರಿಂದ ದೂರವಾಗಿದ್ದರು. ಅವರನ್ನು ಮತ್ತೆ ಹುಡುಗರನ್ನಾಗಿಸುವ ಯತ್ನವನ್ನು ಲೇಖಕರು ಮಾಡಲಿಲ್ಲ. ಕಪ್ಪು-ಬಿಳುಪಿನ ಮೂಲ ಕಂತುಗಳಲ್ಲಿ ಹಲವನ್ನು ಬಿಬಿಸಿ ಉಳಿಸಿಕೊಳ್ಳಲಿಲ್ಲ, ಉತ್ತರಭಾಗ ಮಾತ್ರ ಇಡಿಯಾಗಿ ಉಳಿದಿದೆ. ಹಾಗಾಗಿ ಬಾಬ್ ಮತ್ತು ಟೆರಿಯನ್ನು ಇಂದು ಹೊಸದಾಗಿ ನೋಡಲು ಕೂತವರಲ್ಲಿ ಹೆಚ್ಚಿನವರಿಗೆ ಮೊದಲು ಸಿಗುವುದು ಯೌವನ ದಾಟುತ್ತಿರುವ, ಬಣ್ಣದಲ್ಲಿ ಚಿತ್ರಿತವಾದ ಆ ಇಬ್ಬರೇ.