ಕೆನ್ನೆಯ ಮೇಲಿನ ಕಬ್ಬಿಣದ ಮುಳ್ಳು

ಭೂತಪ್ರೇತಗಳ ಸಿನಿಮಾಗಳಲ್ಲಿ ಭಯ ಹೊರಗಿನಿಂದ ಬರುತ್ತದೆ. ಬಾಗಿಲು ಭದ್ರಪಡಿಸಿಕೊಂಡರೆ ಬಚಾವಾಗಬಹುದು ಎಂಬ ಆಸೆಯಾದರೂ ಅಲ್ಲಿರುತ್ತದೆ. ‘ಬಾಡಿ ಹಾರರ್’ ಎಂದು ಕರೆಯಲಾಗುವ ಚಿತ್ರಗಳಲ್ಲಿ ಆ ಆಸೆಗೂ ಜಾಗವಿಲ್ಲ. ಅಲ್ಲಿ ಮನುಷ್ಯನ ಸ್ವಂತ ದೇಹವೇ ಅವನಿಗೆ ತಿರುಗಿ ಬೀಳುತ್ತದೆ. ಇವನ್ನು ಅಸಹ್ಯವೆಂದು ತಳ್ಳಿಹಾಕುವುದು ಸುಲಭ. ಅನೇಕ ಚಿತ್ರಗಳು ಆ ತಿರಸ್ಕಾರಕ್ಕೆ ಅರ್ಹವೂ ಹೌದು. ಆದರೆ ಜಪಾನಿನ ಶಿನ್ಯ ತ್ಸುಕಾಮೊಟೊ 1989ರಲ್ಲಿ ಹೊರತಂದ ‘ಟೆಟ್ಸುವೊ: ದಿ ಐರನ್ ಮ್ಯಾನ್’ ನಮ್ಮನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಇದು 16 ಎಂಎಂನಲ್ಲಿ ತೆಗೆದ, 67 ನಿಮಿಷಗಳ ಕಪ್ಪುಬಿಳುಪು ಚಿತ್ರ. ಕೈಯಲ್ಲಿ ದುಡ್ಡಿರಲಿಲ್ಲ. ಕಥೆ, ನಿರ್ದೇಶನ, ಸಂಕಲನ, ಕಲೆ ಎಲ್ಲವೂ ತ್ಸುಕಾಮೊಟೊ ಅವರದೇ. ಒಂದು ಮುಖ್ಯ ಪಾತ್ರವೂ ಅವರದೇ. ನಟಿ ಕೇ ಫುಜಿವಾರಾ ಅವರ ಜೊತೆ ಕ್ಯಾಮರಾ ಕೂಡ ಹಿಡಿದರು.

ಕಥೆಯನ್ನು ಚಿತ್ರ ಚೂರುಚೂರಾಗಿ ಹೇಳುತ್ತದೆ. ಜೋಡಿಸಿಕೊಂಡರೆ ಇಷ್ಟು: ತನ್ನ ತೊಡೆ ಸೀಳಿ ಅದರೊಳಗೆ ಕಬ್ಬಿಣ ತುರುಕಿಕೊಂಡವನೊಬ್ಬ ಬೀದಿಗೆ ಓಡಿ ಬಂದು ಕಾರಿಗೆ ಸಿಲುಕುತ್ತಾನೆ. ಕಾರಿನಲ್ಲಿದ್ದವರು ಒಬ್ಬ ಸಾಧಾರಣ ಕಚೇರಿ ನೌಕರ ಮತ್ತು ಅವನ ಗೆಳತಿ. ಬಿದ್ದವನನ್ನು ಆಸ್ಪತ್ರೆಗೆ ಒಯ್ಯುವ ಬದಲು ಇಬ್ಬರೂ ಅವನನ್ನು ಎಸೆದು ಹೋಗುತ್ತಾರೆ. ಮುಂದೊಂದು ದಿನ ನೌಕರ ಗಡ್ಡ ಹೆರೆಯುತ್ತಿದ್ದಾಗ ಕೆನ್ನೆಯಲ್ಲಿ ಲೋಹದ ಮುಳ್ಳೊಂದು ಕಾಣಿಸುತ್ತದೆ. ಆಮೇಲೆ ಲೋಹ ಅವನ ಮೈಯನ್ನೆಲ್ಲ ಆಕ್ರಮಿಸುತ್ತದೆ. ಮುಚ್ಚಿಟ್ಟ ಅಪರಾಧಕ್ಕೆ ಅವನ ದೇಹವೇ ಸಾಕ್ಷಿ ನುಡಿಯತೊಡಗುತ್ತದೆ.

ಈ ಸಾಕ್ಷಿಯನ್ನು ನಾವು ನಂಬುವುದು ಯಾಕೆ? ನಟ ತೊಮೊರೊವೊ ತಗುಚಿಯ ಮೈಮೇಲಿರುವ ವಯರು, ಪೈಪು, ತಗಡಿನ ಚೂರುಗಳು ನಿಜವಾದ ಗುಜರಿ. ಅವನ್ನು ಹೊತ್ತ ನಟನ ನಡಿಗೆಯಲ್ಲಿ, ಏದುಸಿರಿನಲ್ಲಿ ಆ ಭಾರ ಕಾಣುತ್ತದೆ. ಲೋಹ ಬೆಳೆಯುವ ದೃಶ್ಯಗಳಿಗೆ ಬಳಸಿದ್ದು ಹಳೆಯ ಉಪಾಯ: ಒಂದು ಚೌಕಟ್ಟು ಚಿತ್ರಿಸಿ ಕ್ಯಾಮರಾ ನಿಲ್ಲಿಸುವುದು, ವಸ್ತುವನ್ನು ಚೂರು ಸರಿಸಿ ಮತ್ತೊಂದು ಚೌಕಟ್ಟು ಚಿತ್ರಿಸುವುದು. ಪರದೆಯ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಬೇಕು. ಹೀಗೆ ಬಂದ ಚಲನೆ ನುಣುಪಾಗಿರುವುದಿಲ್ಲ, ತಡವರಿಸುತ್ತದೆ. ತನ್ನ ಮೈ ತನ್ನ ಮಾತು ಕೇಳದವನ ಸ್ಥಿತಿಯೂ ಅದೇ ತಾನೆ? ಬಡತನದಿಂದ ಬಂದ ಕುಂದು ಇಲ್ಲಿ ಅರ್ಥವಾಗಿ ಒದಗಿದೆ. ಮಹಾನಗರ ಬಿಸಾಡಿದ ಕಬ್ಬಿಣ, ಮನುಷ್ಯನನ್ನು ಬಿಸಾಡಿದವನ ಮೈಗೇ ಬಂದು ಅಂಟಿಕೊಂಡಿದೆ.

ಅಮೆರಿಕದ ಸ್ಯಾಮ್ ರೈಮಿಯ ‘ದಿ ಈವಿಲ್ ಡೆಡ್’ (1981) ಕೂಡ ಅಲ್ಪ ಬಂಡವಾಳದ ಚಿತ್ರ. ಅದರ ಕೊನೆಯಲ್ಲಿ ಶವಗಳು ಕೊಳೆತು ಕುಸಿಯುವುದನ್ನೂ ಹೀಗೆಯೇ ಚೌಕಟ್ಟು ಚೌಕಟ್ಟಾಗಿ ತೆಗೆಯಲಾಗಿದೆ. ಅಲ್ಲಿನ ಕೈಚಳಕಕ್ಕೆ ನಾವು ತಲೆದೂಗುತ್ತೇವೆ. ಆದರೆ ಅಲ್ಲಿ ದೇಹವೆಂದರೆ ಕತ್ತರಿಸಿ ಮುಗಿಸಬೇಕಾದ ಶತ್ರು. ‘ಟೆಟ್ಸುವೊ’ದಲ್ಲಿ ಅದಕ್ಕೆ ನೆನಪಿದೆ.

ಹಾಗೆಂದು ಇಡೀ ಚಿತ್ರವನ್ನು ಒಪ್ಪಲಾಗದು. ನೌಕರನ ಮೈಯಿಂದ ಚಾಚಿಕೊಂಡ ಡ್ರಿಲ್ಲಿಗೆ ಗೆಳತಿ ಬಲಿಯಾಗುವ ದೃಶ್ಯದಲ್ಲಿ ಕ್ರೌರ್ಯ ಬರೀ ಆಟವಾಗಿದೆ. ಅಪರಾಧದಲ್ಲಿ ಅವಳೂ ಪಾಲುದಾರಳೇ. ಆದರೆ ಅವನ ಯಾತನೆಗೆ ಸಿಕ್ಕ ಗಮನದ ಒಂದು ಪಾಲೂ ಅವಳ ಯಾತನೆಗೆ ಸಿಕ್ಕಿಲ್ಲ. ಅಂತ್ಯವೂ ಹಾಗೆಯೇ. ಗುದ್ದಿದವನೂ ಗುದ್ದಿಸಿಕೊಂಡವನೂ ಒಂದೇ ಲೋಹದ ರಾಶಿಯಾಗಿ, ಲೋಕವನ್ನೆಲ್ಲ ಕಬ್ಬಿಣ ಮಾಡಿ ತುಕ್ಕು ಹಿಡಿಸುತ್ತೇವೆಂದು ಹರ್ಷದಿಂದ ಹೊರಡುತ್ತಾರೆ. ಬೀದಿಯಲ್ಲಿ ಬಿದ್ದವನಿಗೆ ಸಲ್ಲಬೇಕಾಗಿದ್ದ ನ್ಯಾಯದ ಪ್ರಶ್ನೆ ಆ ಅಬ್ಬರದಲ್ಲಿ ಕಳೆದುಹೋಗುತ್ತದೆ.

ಇಂದು ಇದಕ್ಕಿಂತ ದೊಡ್ಡ ಲೋಹರಾಕ್ಷಸನನ್ನು ಕಂಪ್ಯೂಟರಿನಲ್ಲೇ ಕಟ್ಟಬಹುದು. ಆದರೆ ನಮ್ಮೊಳಗೆ ಉಳಿಯುವುದು ಕೊನೆಯ ರಾಕ್ಷಸನಲ್ಲ, ಆ ಸಣ್ಣ ಮುಳ್ಳು. ದಾರಿಯಲ್ಲಿ ಬಿದ್ದವರನ್ನು ದಾಟಿ ಮನೆಗೆ ಬಂದವರು ನಮ್ಮ ನಡುವೆ ಎಷ್ಟು ಮಂದಿಯಿಲ್ಲ? ಕನ್ನಡಿಯ ಮುಂದೆ ನಿಂತು ಕೆನ್ನೆ ಸವರಿಕೊಳ್ಳುವ ಆ ನೌಕರನನ್ನು ನೋಡುವಾಗ ನಮ್ಮ ಕೈಯೂ ತಿಳಿಯದೆ ಕೆನ್ನೆಗೆ ಹೋಗುತ್ತದೆ.